ಎಡೆಗೆ ಬಂದ ಹಾತೆ

ಕೆಲವರಿಗೆ ಆಘಾತವೆನ್ನುವುದು ಆಗಬೇಕಾದ ಹೊತ್ತಿಗೇ ಆಗುತ್ತದೆ. ಸುದ್ದಿ ಕಿವಿಗೆ ಬಿದ್ದ ಕೂಡಲೇ ಎದೆ ಹಿಡಿದುಕೊಂಡು ಕೂರುತ್ತಾರೆ, ಅಳುತ್ತಾರೆ, ಯಾರೋ ಕೊಟ್ಟ ನೀರು ಕುಡಿಯುತ್ತಾರೆ, ಸಂಜೆಯ ಹೊತ್ತಿಗೆ ಸ್ವಲ್ಪ ಹಗುರಾಗುತ್ತಾರೆ. ನನ್ನ ಪ್ರಕೃತಿ ಹಾಗಲ್ಲ. ನನಗೆ ಆಘಾತ ಬರುವುದು ಸೋಮವಾರಪೇಟೆಯ ಬಸ್ಸಿನ ಹಾಗೆ. ಬರಬೇಕಾದ ಹೊತ್ತಿಗೆ ಬರುವುದಿಲ್ಲ. ಇನ್ನು ಬರುವುದೇ ಇಲ್ಲವೆಂದು ಕಾದವರೆಲ್ಲ ಗಂಟುಮೂಟೆ ಎತ್ತಿಕೊಂಡು ಮನೆಗೆ ಹೊರಟ ಮೇಲೆ, ಹೊಗೆ ಉಗುಳುತ್ತ ತಿರುವಿನಲ್ಲಿ ಕಾಣಿಸಿಕೊಂಡು ಮೈಮೇಲೇ ನುಗ್ಗುತ್ತದೆ. ನನ್ನ ಹೆಂಡತಿ ಪುಟ್ಟತಾಯಿ ತೀರಿಕೊಂಡ ಬೆಳಿಗ್ಗೆ ನಾನು ಅಳಲಿಲ್ಲ. ಬಂದವರಿಗೆ ಕೂರಲು ಚಾಪೆ ಸಾಲದೆಂದು ತೋಟದ ಆಳುಗಳಿರುವ ಲೈನುಮನೆಗಳಿಂದ ಚಾಪೆ ತರಿಸಿದೆ. ಎಮ್ಮೆಯ ಹಾಲು ಕರೆದಾಯಿತೇ ಎಂದು ಯಾರನ್ನೋ ಕೇಳಿದೆ. "ರೈಟ್ರು ಗಟ್ಟಿ ಮನುಷ್ಯ" ಎಂದು ಕೆಲವರು ಮೆಚ್ಚಿಕೊಂಡರು, "ರೈಟ್ರದ್ದು ಕಲ್ಲೆದೆ" ಎಂದು ಕೆಲವರು ಬೈದುಕೊಂಡರು. ನಿಜ ಹೇಳಬೇಕೆಂದರೆ ನಾನು ಗಟ್ಟಿಯೂ ಅಲ್ಲ, ಕಲ್ಲೂ ಅಲ್ಲ. ಸುದ್ದಿ ನನಗಿನ್ನೂ ತಲುಪಿರಲಿಲ್ಲ, ಅಷ್ಟೆ.

ರೈಟರ್ ಎಂದ ಕೂಡಲೇ ನಾನು ಪುಸ್ತಕ ಬರೆಯುವವನೆಂದು ತಿಳಿಯಬಾರದು. ಶನಿವಾರಸಂತೆ ರಸ್ತೆಯ ಒಂದು ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುವುದು, ಹಣ್ಣು ಕೊಯ್ಲಿನ ಕಾಲದಲ್ಲಿ ಬುಟ್ಟಿ ಅಳೆಯುವುದು, ಮಳೆ ಬಂದರೆ ಬಂತೆಂದೂ ಬಾರದಿದ್ದರೆ ಬಾರಲಿಲ್ಲವೆಂದೂ ಯಜಮಾನರಿಗೆ ತಿಳಿಸುವುದು ನನ್ನ ಕೆಲಸವಾಗಿತ್ತು. ಓದಿದ್ದು ಮಿಡ್ಲ್ ಸ್ಕೂಲು. ಹಾಜರಿ ಬಿಟ್ಟು ಬೇರೆ ಏನನ್ನಾದರೂ ಬರೆಯುತ್ತಿರುವುದು ಇದೇ ಮೊದಲು. ಅಭ್ಯಾಸಬಲದಿಂದ ನಡುನಡುವೆ ಎಲ್ಲರೂ ಬಂದಿದ್ದಾರೆಯೇ ಎಂದು ತಲೆಯೆತ್ತಿ ನೋಡುತ್ತೇನೆ. ಒಬ್ಬಳು ಗೈರುಹಾಜರು.

ಆಗ ಕೊಡಗು ತಾನೇ ಒಂದು ರಾಜ್ಯವಾಗಿತ್ತು. ಮಡಿಕೇರಿಯಲ್ಲಿ ನಮ್ಮದೇ ಸರ್ಕಾರ, ನಮ್ಮದೇ ಮಂತ್ರಿಗಳು. ಶನಿವಾರಸಂತೆಯ ಕಡೆ ಹೋಗುವಾಗ ಬಸ್ಸಿನಲ್ಲಿ ಸ್ವಲ್ಪ ಕಣ್ಣು ಹತ್ತಿದರೆ, ಎಚ್ಚರವಾಗುವಷ್ಟರಲ್ಲಿ ರಾಜ್ಯ ಮುಗಿದು ಹಾಸನ ಶುರುವಾಗಿರುತ್ತಿತ್ತು. ಪುಟ್ಟತಾಯಿ ಆ ಗಡಿಯನ್ನು ಒಮ್ಮೆಯೂ ದಾಟಿದವಳಲ್ಲ. ಅದರಾಚೆ ಏನಿದೆ ಎಂದು ಕೇಳಿದವಳೂ ಅಲ್ಲ. ಏನನ್ನೂ ಕೇಳುವ ಪೈಕಿ ಅಲ್ಲ ಅವಳು. ಇದು ಮುಂದೆ ನನ್ನನ್ನು ಎಂಥ ಇಕ್ಕಟ್ಟಿಗೆ ಸಿಕ್ಕಿಸಿತೆಂದು ಹೇಳುತ್ತೇನೆ.

ನಮ್ಮಲ್ಲಿ ತಿಥಿಯ ದಿನ ಸತ್ತವರಿಗೆ ಎಡೆ ಇಡುವ ಪದ್ಧತಿ ಇದೆ. ಒಂದು ಕೋಣೆಯಲ್ಲಿ ಮಣೆ ಹಾಕಿ, ಅದರ ಮೇಲೆ ಅವರ ಬಟ್ಟೆ ಮಡಿಸಿಟ್ಟು, ಮುಂದೆ ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬಂದುಬಿಡಬೇಕು. ಸತ್ತವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲ ಹೊರಗೆ ನಿಂತು ಒಮ್ಮೆ ಕೆಮ್ಮಿ ಒಳಗೆ ಹೋಗಬೇಕು. ಊಟಕ್ಕೆ ಕೂತವರ ಎದುರಿಗೆ ದಿಢೀರನೆ ನುಗ್ಗಬಾರದಲ್ಲ. ಎಡೆ ಎತ್ತಿದ ಮೇಲೆ ಅದೇ ಪ್ರಸಾದ, ಅಲ್ಲಿಯವರೆಗೆ ನೆಂಟರು ಉಣ್ಣುವ ಹಾಗಿಲ್ಲ. ಆದ್ದರಿಂದ ಸತ್ತವರು ಬೇಗ ಬಂದು ಬೇಗ ಹೋಗಲೆಂದು ಎಲ್ಲರೂ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುತ್ತಾರೆ.

ಅಡುಗೆಯ ಹೊಣೆ ಹೊತ್ತವಳು ಪುಟ್ಟತಾಯಿಯ ಅಕ್ಕ, ನನ್ನ ಅತ್ತಿಗೆ ಹೊನ್ನಮ್ಮ. ತಂಗಿಗೆ ಸಲ್ಲಬೇಕಾಗಿದ್ದ ಮಾತುಗಳನ್ನೂ ದೇವರು ಈಕೆಗೇ ಕೊಟ್ಟಿದ್ದಾನೆಂದು ನಾನು ಹಿಂದೊಮ್ಮೆ ತಮಾಷೆ ಮಾಡಿದ್ದುಂಟು. ಬೆಳಿಗ್ಗೆ ಒಲೆ ಹೊತ್ತಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನನ್ನು ಕರೆದಳು.

"ರೈಟ್ರೇ, ಅವ್ಳಿಗೆ ಏನ್ ಇಷ್ಟ ಹೇಳಿ. ಎಡೆಗೆ ಅದ್ನೇ ಮಾಡಾಣ."

"ಕಡುಬು," ಎಂದೆ.

"ಅದು ನಿಮಗೆ ಇಷ್ಟ."

"ಕಳಲೆ ಪಲ್ಯ."

"ಅದೂ ನಿಮಗೇ."

"ಹುರುಳಿಕಾಳಿನ ಬಸ್ಸಾರು. ಮೇಲೆ ಒಂದಿಷ್ಟು ತುಪ್ಪ..."

"ತುಪ್ಪ ಸುರ್ಕಂಡು ಉಣ್ಣೋರು ಯಾರು ಅಂತ ಈ ತೋಟಕ್ಕೇ ಗೊತ್ತು. ನಾನ್ ಕೇಳ್ತಿರದು ನನ್ ತಂಗಿ ವಿಚಾರ."

ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಗಸಿಗೆ ಯಾವ ಪದಾರ್ಥ ಇಷ್ಟವೆಂದು ನನಗೆ ಗೊತ್ತಿರಲಿಲ್ಲ. ಇದು ಮೊದಲನೆಯ ಆಘಾತ. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತೆನ್ನಬಹುದು. ನಾವು ಉಂಡಾದ ಮೇಲೆ ಅವಳು ಒಲೆಯ ಪಕ್ಕ ತನ್ನ ಮಣೆಯ ಮೇಲೆ, ಗೋಡೆಗೆ ಮುಖ ಮಾಡಿಕೊಂಡು ಉಣ್ಣುತ್ತಿದ್ದಳು. ತಟ್ಟೆಯಲ್ಲಿ ಏನಿರುತ್ತಿತ್ತೋ ನಾನು ಕಂಡಿಲ್ಲ. ನಾನು ಕಂಡದ್ದು ಅವಳ ಬೆನ್ನು. ನಾನು ಉಣ್ಣುವಾಗಲೂ ಅವಳು ಅಲ್ಲೇ, ಹಾಗೆಯೇ ಗೋಡೆಯ ಕಡೆ ತಿರುಗಿ ಕೂತಿರುತ್ತಿದ್ದಳು. ಆದರೆ ನನ್ನ ಎಲೆಯಲ್ಲಿ ಸಾರು ಮುಗಿಯುವ ಹೊತ್ತಿಗೆ ಸೌಟು ಹಿಡಿದು ಎದುರಿಗಿರುತ್ತಿದ್ದಳು. ಕರೆಯಬೇಕಾದ ಪ್ರಮೇಯವೇ ಬಂದಿರಲಿಲ್ಲ. "ನಿನಗೆ ಬೆನ್ನಿನಲ್ಲಿ ಕಣ್ಣು ಕಣೆ" ಎನ್ನುತ್ತಿದ್ದೆ. ನಗುತ್ತಿದ್ದಳು. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು.

ಹೊನ್ನಮ್ಮನಿಗೂ ಖಚಿತವಿರಲಿಲ್ಲ. "ಚಿಕ್ಕೋಳಿದ್ದಾಗ ಹುಣಸೆಹಣ್ಣಿಗೆ ಉಪ್ಪು ಹಚ್ಕಂಡು ಚೀಪೋಳು. ನಿಮ್ಮನೆಗೆ ಬಂದ ಮ್ಯಾಲೆ ಏನ್ ಚೀಪಿದ್ಳೋ ನಾನ್ ಕಾಣೆ," ಎಂದು ಕಣ್ಣೊರೆಸಿಕೊಂಡಳು. ಕೊನೆಗೆ ಎಲ್ಲವನ್ನೂ ಒಂದೊಂದು ಚೂರು ಮಾಡುವುದೆಂದು ತೀರ್ಮಾನವಾಯಿತು. ಬೇಕಾದ್ದನ್ನು ಅವಳೇ ಆರಿಸಿಕೊಳ್ಳಲಿ. ಅಕ್ಕಿ ರೊಟ್ಟಿ, ಕಡುಬು, ಕೋಳಿ ಸಾರು, ಕಳಲೆ, ಬಸ್ಸಾರು, ಪಾಯಸ, ಒಂದು ಲೋಟ ಬೆಲ್ಲದ ಕಾಫಿ, ಮೂಲೆಯಲ್ಲಿ ಉಪ್ಪು ಹಚ್ಚಿದ ಹುಣಸೆಹಣ್ಣು. ಎಲೆ ನೋಡಿದರೆ ಯಾರದೋ ಮದುವೆಯ ಹಾಗಿತ್ತು. ಹೊನ್ನಮ್ಮ ಪುಟ್ಟತಾಯಿಯ ಮಣೆಯನ್ನೇ ತಂದು ಹಾಕಿದಳು. ಅವಳು ಹಾಸಿಗೆ ಹಿಡಿದಂದಿನಿಂದ ಅದು ಒಲೆಯ ಪಕ್ಕ ಗೋಡೆಗೆ ಒರಗಿಕೊಂಡೇ ಇತ್ತು. ಯಾರೂ ಮುಟ್ಟಿರಲಿಲ್ಲ. ಮಣೆಯ ಮೇಲೆ ಅವಳ ಹಸಿರು ಸೀರೆ ಮಡಿಸಿಟ್ಟೆವು. ಬಾಗಿಲು ಹಾಕಿದೆವು.

ಹೊರಗೆ ಜಗಲಿಯ ಮೇಲೆ ಹಸಿದ ನೆಂಟರು ಕೂತಿದ್ದರು. ಹಸಿವು ಮರೆಯಲು ರಾಜಕೀಯ ಒಳ್ಳೆಯದು. ಕೊಡಗನ್ನು ಮೈಸೂರಿಗೆ ಸೇರಿಸಿಬಿಡುತ್ತಾರಂತೆ ಎಂದು ಒಬ್ಬರೆಂದರು. "ಹಂಗಾದ್ರೆ ನಾವು ಕೂತ ಜಾಗದಲ್ಲೇ ಕೂತು ಬ್ಯಾರೆ ರಾಜ್ಯಕ್ಕೆ ಹೋಯ್ತೀವಿ ಅನ್ನಿ. ಬಸ್ ಚಾರ್ಜೂ ಇಲ್ಲ," ಎಂದು ಇನ್ನೊಬ್ಬರು ಅಡುಗೆಮನೆಯ ಕಡೆ ನೋಡುತ್ತ ಹೇಳಿದರು. ಕೊನೆಗೆ ಹೊನ್ನಮ್ಮ ಎದ್ದಳು. ಬಾಗಿಲ ಹೊರಗೆ ನಿಂತು ಕೆಮ್ಮಿದಳು. ಹಿಂದಿದ್ದ ನಾನೂ ಕೆಮ್ಮಿದೆ.

ಒಳಗೆ ಎಲ್ಲವೂ ಇಟ್ಟಲ್ಲೇ ಇತ್ತು. ಹಸಿರು ಸೀರೆಯ ಸೆರಗಿನ ಮೇಲೆ ಮಾತ್ರ ಒಂದು ಹಾತೆ ಕೂತಿತ್ತು. ಪುಸ್ತಕದವರು ಪತಂಗ ಎನ್ನುತ್ತಾರಲ್ಲ, ಅದೇ. ಹೆಬ್ಬೆರಳಿನ ಉಗುರಿನಷ್ಟಿರಬಹುದು. ಒಲೆಯ ಬೂದಿಯ ಬಣ್ಣ. ರೆಕ್ಕೆಯ ಮೇಲೆ ವಿಭೂತಿ ಎಳೆದಂತೆ ತೆಳುವಾಗಿ ಎರಡು ಗೀಟು. ತಲೆಯ ಮೇಲೆ ಸಣ್ಣ ಬಾಚಣಿಗೆಯಂಥ ಎರಡು ಮೀಸೆ. ಬೇರೆ ದಿನವಾಗಿದ್ದರೆ ಊದಿಬಿಡುತ್ತಿದ್ದೆ.

"ಬಂದವ್ಳೆ," ಎಂದಳು ಹೊನ್ನಮ್ಮ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಬಾಗಿಲಲ್ಲಿ ನಿಂತವರೆಲ್ಲ ಕೈಮುಗಿದರು. ಹೊನ್ನಮ್ಮ ಎಲೆಯ ಹತ್ತಿರ ಬಗ್ಗಿ ಒಂದೊಂದನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬಂದವ್ಳೆ ರೈಟ್ರೇ. ಆದ್ರೆ ಒಂದ್ ಅಗಳೂ ಮುಟ್ಟಿಲ್ಲ. ಇದ್ರಲ್ಲಿ ಒಂದೂ ಅವ್ಳಿಗೆ ಇಷ್ಟದ್ದಿಲ್ಲ."

ಬಸ್ಸು ಬಂದೇಬಿಟ್ಟಿತು. ನಾನು ಅಲ್ಲೇ ಗೋಡೆಗೆ ಒರಗಿ ಕೂತೆ. ಇವಳು ಸತ್ತಿದ್ದಾಳೆ ಎಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಸತ್ತು, ಅಷ್ಟು ದೂರದಿಂದ ಮತ್ತೆ ಬಂದು, ನಾನು ಇಟ್ಟದ್ದನ್ನು ನೋಡಿ, ಏನೂ ಹೇಳದೆ ಸೆರಗಿನ ಮೇಲೆ ಕೂತಿದ್ದಾಳೆ. ಎಡೆ ಮುಟ್ಟದಿದ್ದರೆ ಸತ್ತವರಿಗೆ ತೃಪ್ತಿಯಿಲ್ಲವೆಂದು ನಮ್ಮವರ ನಂಬಿಕೆ. ಮಿಡ್ಲ್ ಸ್ಕೂಲು ಓದಿದವನು ಇಂಥದನ್ನು ನಂಬಬಾರದೆಂದು ನನಗೆ ಗೊತ್ತಿತ್ತು. ಆದರೆ ಹಸಿದುಕೊಂಡೇ ಹೋದಳು ಎನ್ನುವುದನ್ನು ತಡೆಯುವ ಪಾಠ ಯಾವ ಸ್ಕೂಲಿನಲ್ಲೂ ಇರಲಿಲ್ಲ.

ಆಗ ಹಿಂದಿನಿಂದ ಒಂದು ದನಿ ಬಂತು. "ಯಾರೂ ಅಲುಗಾಡಬೇಡಿ."

ನಮ್ಮ ಕಡೆ ಯಾರೂ ಅಲುಗಾಡಬೇಡಿ ಎಂದರೆ ಹಾವು ಎಂದೇ ಅರ್ಥ. ಇದ್ದವರೆಲ್ಲ ಅಲುಗಾಡಿ, ಒಬ್ಬರನ್ನೊಬ್ಬರು ತಳ್ಳಿಕೊಂಡು ಜಗಲಿಗೆ ಹಾರಿದರು. ಬಾಗಿಲಲ್ಲಿ ಉಳಿದವನು ರಾಜಪ್ಪ, ಹೊನ್ನಮ್ಮನ ಅಳಿಯ. ಕೈಯಲ್ಲಿ ಅಗಲಬಾಯಿಯ ಒಂದು ಸೀಸೆ.

ರಾಜಪ್ಪನ ವಿಷಯ ಸ್ವಲ್ಪ ಹೇಳಬೇಕು. ಚೆಟ್ಟಳ್ಳಿಯ ಕಡೆ ಕಾಫಿ ಗಿಡಕ್ಕೆ ಬೀಳುವ ಹುಳಗಳನ್ನು ಪರೀಕ್ಷೆ ಮಾಡುವ ಕೆಲಸ ಅವನದು. ಹುಳವೆಂದರೆ ನಮಗೆಲ್ಲ ಶನಿ, ಅವನಿಗೆ ನೆಂಟ. ತನ್ನ ಮದುವೆಯ ಧಾರೆಯ ಹೊತ್ತಿಗೆ ಗ್ಯಾಸ್‌ಲೈಟಿನ ಸುತ್ತ ಹಾರುತ್ತಿದ್ದ ಯಾವುದೋ ಹಾತೆಯನ್ನು ಎಡಗೈಯಲ್ಲಿ ಹಿಡಿದು ಪೇಟದೊಳಗೆ ಸೇರಿಸಿಕೊಂಡವನು. ಪುರೋಹಿತರು ಅಕ್ಷತೆ ಹಾಕಿದಾಗಲೆಲ್ಲ ಪೇಟ ತಾನೇ ಅಲುಗುತ್ತಿತ್ತು. ಹೊನ್ನಮ್ಮನಿಗೆ ಅವತ್ತಿನಿಂದಲೂ ಅವನಿಗೆ ನಾಲ್ಕು ಮಾತು ಹೇಳಬೇಕೆಂದು ಆಸೆ. ಆದರೆ ನಮ್ಮ ಮನೆತನಗಳಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ಹಾಗಿಲ್ಲ. ತಲೆಯ ಮೇಲೆ ಸೆರಗೆಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತು, ಮೂರನೆಯವರ ಮೂಲಕ ಹೇಳಿಸಬೇಕು. ಊರಿಗೆಲ್ಲ ಎದುರುತ್ತರ ಕೊಡುವ ಹೊನ್ನಮ್ಮ ಈ ಒಬ್ಬ ತೆಳ್ಳಗಿನ ಮನುಷ್ಯನ ಮುಂದೆ ಮೂಕಿ. ಈಗಲೂ ಸರಕ್ಕನೆ ಸೆರಗೆಳೆದುಕೊಂಡು ಕದದ ಹಿಂದೆ ಸರಿದಳು.

"ರೈಟ್ರೇ, ಅಳಿಯಂದ್ರಿಗೆ ಹೇಳಿ, ಆ ಸೀಸೆ ಯಾಕೆ ಅಂತ."

"ಮಾವ, ಅತ್ತೆಗೆ ಹೇಳಿ, ಹಾತೆ ಹಿಡಿಯೋಕೆ ಅಂತ," ಎಂದ ರಾಜಪ್ಪ.

"ಅಳಿಯಂದ್ರಿಗೆ ಹೇಳಿ, ಅದು ಹಾತೆ ಅಲ್ಲ, ಅವ್ರ ಚಿಕ್ಕತ್ತೆ ಅಂತ."

ಇಬ್ಬರ ಮಾತೂ ಇಬ್ಬರಿಗೂ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ನಾನು ನಡುವೆ ಕೂತು, ಇವರು ಹೇಳಿದ್ದಕ್ಕೆ ಅವರ ಕಡೆ, ಅವರು ಹೇಳಿದ್ದಕ್ಕೆ ಇವರ ಕಡೆ ತಲೆ ತಿರುಗಿಸಬೇಕಾಗಿತ್ತು. ಹೆಂಡತಿ ಸತ್ತದ್ದು ಈಗ ತಾನೇ ತಿಳಿದವನಿಗೆ ಅಂಚೆಕಚೇರಿಯ ಕೆಲಸ. ಹೊರಗೆ ಹೋದ ನೆಂಟರು ಹಾವಿಲ್ಲವೆಂದು ಖಾತ್ರಿಯಾಗಿ ಮತ್ತೆ ಬಾಗಿಲಿಗೆ ಬಂದು ತುಂಬಿಕೊಂಡರು.

ರಾಜಪ್ಪ ದನಿ ತಗ್ಗಿಸಿದ. "ಮಾವ, ನಾನು ತಮಾಷೆ ಮಾಡ್ತಿಲ್ಲ. ಈ ಜಾತಿ ನಮ್ಮ ದೇಶ ಬಿಟ್ರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಇಲ್ಲೂ ಈ ಘಟ್ಟದ ಸೀಮೆಯಲ್ಲಿ ಮಾತ್ರ. ಹಿಂದೆ ಯಾವನೋ ತೋಟದ ದೊರೆ ಹಿಡಿದು ವಿಲಾಯಿತಿಗೆ ತಗೊಂಡು ಹೋದನಂತೆ. ಅಲ್ಲಿ ಪೆಟ್ಟಿಗೆಯಲ್ಲಿ ಐತೆ. ಇಲ್ಲಿ ಯಾರ ಹತ್ರಾನೂ ಒಂದೂ ಇಲ್ಲ. ನಾನು ಚಿತ್ರ ನೋಡಿದ್ದೆ, ಅಷ್ಟೆ. ಸಿಕ್ಕುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ."

ನಮ್ಮಲ್ಲಿ ಮಾತ್ರ ಇರುವುದು, ನಮ್ಮವರು ಯಾರೂ ನೋಡದೇ ಇರುವುದು. ನನಗೆ ಏನೋ ಚುಚ್ಚಿದ ಹಾಗಾಯಿತು. ಏನೆಂದು ಯೋಚಿಸುವಷ್ಟರಲ್ಲಿ ಕದದ ಹಿಂದಿನಿಂದ ಹೊನ್ನಮ್ಮ ಗೆದ್ದ ದನಿಯಲ್ಲಿ ಹೇಳಿದಳು: "ನಾನೂ ಅದನ್ನೇ ಹೇಳ್ತಿರದು ಅಂತ ಹೇಳಿ ರೈಟ್ರೇ. ಅವ್ಳೂ ಈ ಸೀಮೆ ಬಿಟ್ಟು ಎಲ್ಲೂ ಹೋದೋಳಲ್ಲ."

ರಾಜಪ್ಪ ಜೇಬಿನಿಂದ ಭೂತಗನ್ನಡಿ ತೆಗೆದು, ಮಣೆಯ ಮುಂದೆ ಮಂಡಿಯೂರಿ, ಸೀರೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಎದ್ದ. ಸತ್ತ ಮನೆಯಲ್ಲಿ ಹೇಳಬಾರದ್ದನ್ನು ಹೇಳುವವನ ಹಾಗೆ ಗಂಟಲು ಸರಿಮಾಡಿಕೊಂಡ.

"ಮಾವ, ಇದು ಗಂಡು."

ಬಾಗಿಲಲ್ಲಿದ್ದವರು ಸೀರೆಯ ಕಡೆ ಇನ್ನೊಮ್ಮೆ ಬಗ್ಗಿ ನೋಡಿದರು.

"ಮೀಸೆ ಹಂಗೆ ಬಾಚಣಿಗೆ ಥರ ಇರೋದು ಗಂಡಿಗೆ ಮಾತ್ರ. ಮತ್ತೆ... ಅತ್ತೆ ಬೇಜಾರು ಮಾಡ್ಕೋಬಾರದು, ಇದಕ್ಕೆ ಬಾಯಿ ಇಲ್ಲ. ಹುಳವಾಗಿದ್ದಾಗ ತಿಂದದ್ದೇ ತಿಂದದ್ದು. ರೆಕ್ಕೆ ಬಂದ ಮೇಲೆ ಏನೂ ತಿನ್ನೋಕಾಗಲ್ಲ. ಕೆಲವೇ ದಿನ ಇದ್ದು ಹೋಗ್ಬಿಡುತ್ತೆ. ನೀವು ಅಮೃತ ಬಡಿಸಿದ್ರೂ ಮುಟ್ಟುತ್ತಿರಲಿಲ್ಲ."

ನನಗೆ ಹಾಯೆನ್ನಿಸಿತೆಂದು ಹೇಳಬೇಕು. ಅನ್ನಿಸಿತು ಕೂಡ, ಒಂದು ಗಳಿಗೆ. ಅವಳು ನನ್ನ ಎಡೆಯನ್ನು ಬೇಡವೆನ್ನಲಿಲ್ಲ. ಮರುಗಳಿಗೆಗೆ ಅದಕ್ಕಿಂತ ಕೆಟ್ಟದ್ದು ಹೊಳೆಯಿತು. ಇದು ಗಂಡಾದರೆ, ಅವಳು ಬರಲೇ ಇಲ್ಲ.

"ಗಂಡಾ," ಎಂದಳು ಹೊನ್ನಮ್ಮ. "ಹಂಗಾದ್ರೆ ಇನ್ಯಾರು ರೈಟ್ರೇ. ನಿಮ್ಮಪ್ಪ."

ನನ್ನ ಅಪ್ಪ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಇದ್ದಷ್ಟು ದಿನ ಮನೆಯಲ್ಲಿ ಮೊದಲ ಎಲೆ ಅವರದು, ಮೊದಲ ತುಂಡು ಅವರದು, ಕೊನೆಯ ಮಾತೂ ಅವರದೇ. ಉಪ್ಪು ಒಂದು ಕಾಳು ಹೆಚ್ಚಾದರೆ ಲೈನಿನವರಿಗೆಲ್ಲ ಕೇಳಿಸುತ್ತಿತ್ತು. ಸಂಜೆಗೆ ಅವರ ಸಾರಾಯಿ ಸೀಸೆ ಅವರಿಗೆ ಬೇಕು. ಪುಟ್ಟತಾಯಿ ಒಂದು ಮಾತಾಡದೆ ಕೊನೆಯವರೆಗೂ ಬಡಿಸಿದಳು.

"ಸೊಸೆಗೆ ಇಟ್ಟ ಎಡೆಗೂ ಮುಂದಾಗಿ ಬಂದು ಕೂತವ್ರೆ ನೋಡಿ," ಎಂದಳು ಹೊನ್ನಮ್ಮ. "ಶಿವ ಒಳ್ಳೇ ಕೆಲ್ಸ ಮಾಡವ್ನೆ. ಎದುರಿಗೆ ಕೋಳಿ ಸಾರು, ಬಾಯಿ ಮಾತ್ರ ಇಲ್ಲ. ಆ ಬಾಯಿಗೆ ಇದೇ ಸರಿ."

ಯಾರೋ ಕಿಸಕ್ಕೆಂದರು. ಸತ್ತ ಮನೆಯ ನಗು ಸೀನಿನ ಹಾಗೆ, ಒಬ್ಬರಿಗೆ ಬಂದರೆ ತಡೆಯುವುದು ಕಷ್ಟ. ಜಗಲಿಯ ತನಕ ಹರಡಿತು. ಅದರ ನಡುವೆ ಒಂದು ಒರಟು ದನಿಯೂ ಕೇಳಿಸಿತು. ಯಾರಪ್ಪ ಇದು ಇಷ್ಟು ಜೋರಾಗಿ ನಗುತ್ತಿರುವುದು ಎಂದು ನೋಡಿದರೆ ನಾನೇ. ಅವಳು ಹೋದ ಮೇಲೆ ನನ್ನ ಗಂಟಲಿನಿಂದ ತಾನಾಗಿ ಹೊರಟ ಮೊದಲ ಶಬ್ದ ಅದು. ಅಳು ಬರುವುದೆಂದು ಎಲ್ಲರೂ ಕಾಯುತ್ತಿದ್ದಾಗ ಬಂದದ್ದು ನಗು. ನನಗೇ ದಿಗಿಲಾಗಿ ಬಾಯಿ ಮುಚ್ಚಿಕೊಂಡೆ.

"ಅಳಿಯಂದ್ರಿಗೆ ಹೇಳಿ ರೈಟ್ರೇ, ತಗಂಡ್ ಹೋಗ್ಲಿ. ನಿಮ್ಮಪ್ಪಂಗೆ ಸೀಸೆ ಏನ್ ಹೊಸದಲ್ಲ."

ನಾನು ತಲೆಯಾಡಿಸಿದೆ. ರಾಜಪ್ಪ ತಳದಲ್ಲಿ ಹುಳ ಸಾಯಿಸುವ ಮದ್ದಿದ್ದ ಆ ಸೀಸೆಯ ಬಾಯನ್ನು ಮೆಲ್ಲನೆ ಸೆರಗಿನ ಮೇಲೆ ಕವುಚಿದ. ಒಳಗೆ ಒಂದಿಷ್ಟು ಪಟಪಟ. ಆಮೇಲೆ ಇಲ್ಲ. ಅಷ್ಟು ಬೇಗ ಮುಗಿಯುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ನಗುತ್ತಿದ್ದವರೆಲ್ಲ ಒಮ್ಮೆಗೇ ಸುಮ್ಮನಾದರು.

ಸುಮ್ಮನಾಗದವನು ರಾಜಪ್ಪ ಒಬ್ಬನೇ. "ಮಾವ, ಇದರ ಗಂಡು ಸುಮ್ಮಸುಮ್ಮನೆ ಮನೆಯೊಳಗೆ ಬರಲ್ಲ. ಹೆಣ್ಣಿನ ವಾಸನೆ ಹಿಡಿದು ಎಲ್ಲಿಂದಲೋ ಬರುತ್ತೆ. ಹೆಣ್ಣು ಇಲ್ಲೇ ಎಲ್ಲೋ ಇರಬೇಕು. ಈ ಜಾತಿಯ ಹೆಣ್ಣನ್ನ ಇಲ್ಲಿಯವರೆಗೆ ಒಬ್ಬರೂ ನೋಡಿಲ್ಲ. ಇದರ ದಾಯಾದಿ ಜಾತಿಗಳಲ್ಲಿ ಹೆಣ್ಣಿಗೆ ರೆಕ್ಕೆನೇ ಇರಲ್ಲ, ಹುಟ್ಟಿದ ಜಾಗ ಬಿಟ್ಟು ಕದಲಲ್ಲ. ಇದೂ ಹಂಗೇ ಇರಬೇಕು."

"ಹಂಗಾದ್ರೆ ನಿಮ್ಮಪ್ಪ ಅಲ್ಲ ಬಿಡಿ," ಎಂದಳು ಹೊನ್ನಮ್ಮ. "ಅವ್ರು ಊಟದ ಹಿಂದೆ ಹೋದೋರು, ಹೆಂಗಸ್ರ ಹಿಂದೆ ಹೋದೋರಲ್ಲ. ಪಾಪ, ಇದ್ಯಾವ್ದೋ ಬರೀ ಹುಳ."

ನೆಂಟರು ಕಡೆಗೂ ಊಟಕ್ಕೆ ಕೂತರು. ರಾಜಪ್ಪ ಮನೆಯನ್ನು ಹುಡುಕತೊಡಗಿದ. ಅವನ ಹಿಂದೆ ನಾನು. ಅಟ್ಟ ಹತ್ತಿದೆವು, ಸೌದೆ ಸರಿಸಿದೆವು, ಉಪ್ಪಿನಕಾಯಿ ಭರಣಿಗಳ ಹಿಂದೆ ಕೈ ಹಾಕಿದೆವು. ಬಾಡಿಗೆಗೆ ಬಂದವನ ಹಾಗೆ ನಾನು ನನ್ನ ಮನೆಯನ್ನೇ ನೋಡುತ್ತಿದ್ದೆ. ಒಣಮೆಣಸಿನ ಸರ ಇಲ್ಲಿ ತೂಗುತ್ತದೆಂದು ನನಗೆ ತಿಳಿದಿರಲಿಲ್ಲ. ಒಲೆಯ ಪಕ್ಕ, ಮಣೆ ಇರುತ್ತಿದ್ದ ಜಾಗದಲ್ಲಿ, ರಾಜಪ್ಪ ಹೇಳಿದನೆಂದು ನೆಲದ ಮೇಲೆ ಕೂತು ಗೋಡೆಯ ಬಿರುಕು ನೋಡುತ್ತಿದ್ದೆ. ಬಿರುಕಿನ ಪಕ್ಕದಲ್ಲಿ ಒಡೆದ ಕನ್ನಡಿಯ ಒಂದು ಚೂರನ್ನು ಮಣ್ಣಿನಲ್ಲಿ ಮೆತ್ತಲಾಗಿತ್ತು. ಕೂತವರ ಕಣ್ಣಿನ ಮಟ್ಟಕ್ಕೆ. ನಿಂತವರಿಗೆ ಕಾಣುವ ಹಾಗಿರಲಿಲ್ಲ. ತಲೆ ಬಾಚಿಕೊಳ್ಳಲು ಇಲ್ಲೇಕೆ ಎಂದುಕೊಂಡು ಇಣುಕಿದೆ. ನನ್ನ ಮುಖ ಕಾಣಲಿಲ್ಲ. ಓರೆಯಾಗಿ ಮೆತ್ತಿದ್ದ ಆ ಚೂರಿನಲ್ಲಿ ನನ್ನ ಬೆನ್ನ ಹಿಂದಿನ ಬಾಗಿಲೂ, ಬಾಗಿಲಾಚೆ ನಾನು ದಿನಾ ಉಣ್ಣಲು ಕೂರುತ್ತಿದ್ದ ಜಾಗವೂ ಕಂಡವು. ಅಲ್ಲಿ ಯಾರೋ ನೆಂಟರು ನನ್ನ ಕಡುಬನ್ನು ಮುರಿಯುತ್ತಿದ್ದರು. ಅವರ ಎಲೆಯಲ್ಲಿ ಸಾರು ಮುಗಿಯುತ್ತ ಬಂದಿದ್ದು ಸಹ ಸ್ಪಷ್ಟವಾಗಿ ಕಾಣುತ್ತಿತ್ತು.

"ಏನಾದ್ರೂ ಕಾಣ್ತಾ ಮಾವ?" ಎಂದು ರಾಜಪ್ಪ ಅಟ್ಟದ ಮೇಲಿನಿಂದ ಕೇಳಿದ. ಇಲ್ಲವೆಂದೆ. ನಾನು ಅವಳ ಬೆನ್ನನ್ನು ನೋಡಿಕೊಂಡು ಉಂಡಿದ್ದೆ. ಅವಳು ನನ್ನ ಮುಖವನ್ನು ನೋಡಿಕೊಂಡು ಕೂತಿದ್ದಳು.

ಎಲ್ಲ ಕಡೆ ಹುಡುಕಿ ಆದ ಮೇಲೆ ರಾಜಪ್ಪ ಮತ್ತೆ ಎಡೆಯ ಕೋಣೆಗೆ ಬಂದ. ಎಡೆಯ ಎಲೆಯನ್ನು ಎತ್ತಿಯಾಗಿತ್ತು. ಮಣೆ ಮತ್ತು ಅದರ ಮೇಲಿನ ಬಟ್ಟೆ ಮಾತ್ರ ಇದ್ದಲ್ಲೇ ಇದ್ದವು. ಅವನ್ನು ಮಾರನೆಯ ಬೆಳಗಿನ ತನಕ ಕದಲಿಸಬಾರದೆಂದು ನಮ್ಮ ನಿಯಮ. ರಾಜಪ್ಪ ಅದರ ಸುತ್ತ ಎರಡು ಸಲ ಬಂದ. ಬಗ್ಗಿದ. ಕೈ ಚಾಚಿದ.

"ಮಾವ, ಈ ಮಣೆ ಒಂದು ಎತ್ತಿ..."

"ಮುಟ್ಟಬ್ಯಾಡಿ ಅಳಿಯಂದ್ರೇ."

ಹೊನ್ನಮ್ಮ ಕದದ ಹಿಂದಿರಲಿಲ್ಲ. ಕೋಣೆಯ ನಡುವೆ, ಅವನ ಎದುರಿಗೆ, ಸೆರಗು ಜಾರಿದ್ದೂ ತಿಳಿಯದೆ ನಿಂತಿದ್ದಳು. ಕೈಯಲ್ಲಿ ಅನ್ನದ ಸೌಟು. ಬಡಿಸುತ್ತಿದ್ದವರು ಬಡಿಸುವುದನ್ನು ನಿಲ್ಲಿಸಿದರು. ಮದುವೆಯಾದಂದಿನಿಂದ ಅತ್ತೆಯ ದನಿಯನ್ನು ಗೋಡೆಗಳ ಮೂಲಕವೇ ಕೇಳಿಕೊಂಡು ಬಂದಿದ್ದ ರಾಜಪ್ಪ, ಗೋಡೆಯೇ ಎದ್ದು ಬಂದು ಎದುರಿಗೆ ನಿಂತಂತೆ ಬೆಚ್ಚಿ, ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. "ಆಯ್ತು ಅತ್ತೆ," ಎಂದ. ಅದೂ ನೇರವಾಗಿ. ತಾನೇನು ಮಾಡಿದೆನೆಂದು ಆಗ ಹೊನ್ನಮ್ಮನಿಗೆ ತಿಳಿಯಿತು. ಸೌಟಿನ ಸಮೇತ ಅಡುಗೆಮನೆಗೆ ಓಡಿದಳು. ಆ ದಿನ ಮತ್ತೆ ಅವಳ ದನಿ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ರಾಜಪ್ಪ ಅಂಗಳದಲ್ಲಿ ಚೀಲ ಹೆಗಲಿಗೇರಿಸಿಕೊಂಡು ಹೊರಡಲು ನಿಂತಿದ್ದ. ಸೀಸೆಯನ್ನು ಹತ್ತಿಯಲ್ಲಿ ಸುತ್ತಿ ಎದೆಯ ಹತ್ತಿರ ಹಿಡಿದಿದ್ದ. ನಾನು ಕೋಣೆಗೆ ಹೋಗಿ ಸೀರೆ ಎತ್ತಿ ಪೆಟ್ಟಿಗೆಯಲ್ಲಿಟ್ಟೆ. ಮಣೆ ಎತ್ತಿದೆ. ಅಡಿಯಲ್ಲಿ ಏನೋ ಮೆತ್ತಗೆ ಬೆರಳಿಗೆ ತಾಗಿತು. ತಿರುಗಿಸಿ ನೋಡಿದೆ. ಕೂದಲು ಸೇರಿಸಿ ನೇಯ್ದಂಥ ಒಂದು ಬರಿದಾದ ಗೂಡು ಮರಕ್ಕೆ ಅಂಟಿಕೊಂಡಿತ್ತು. ಅದರ ಮೇಲೆ ಬೂದಿಯ ಬಣ್ಣದ, ರೆಕ್ಕೆಯಿಲ್ಲದ, ಹತ್ತಿಯ ಉಂಡೆಯಂಥ ಒಂದು ಜೀವ. ಕೆಳಗೆ ರಾಗಿಗಿಂತ ಸಣ್ಣ ಮೊಟ್ಟೆಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿತ್ತು. ಎಡೆ ಇಟ್ಟಾಗಲೂ, ಅವಳು ಬರಲೇ ಇಲ್ಲವೆಂದು ನಾನು ಅಂದುಕೊಂಡಾಗಲೂ, ನಾವು ಅಪ್ಪನನ್ನು ಆಡಿಕೊಂಡು ನಕ್ಕಾಗಲೂ, ಅದು ಇಲ್ಲೇ ಇತ್ತು. ನಾವು ನೋಡುತ್ತಿದ್ದ ಸೀರೆಯ ಕೆಳಗೇ ಇತ್ತು.

ಪುಟ್ಟತಾಯಿ ಹಾತೆಯಾಗಿ ಹುಟ್ಟಿದಳೆಂದು ನಾನು ನಂಬಿದೆ ಎಂದಲ್ಲ. ಆದರೆ ರಾಜಪ್ಪನನ್ನು ಕೂಗಲು ತೆರೆದ ಬಾಯಿ ತೆರೆದೇ ಉಳಿಯಿತು. ಕೂಗಿದ್ದರೆ ಅವನ ಜನ್ಮ ಸಾರ್ಥಕವಾಗುತ್ತಿತ್ತು. ಒಳ್ಳೆಯ ಹುಡುಗ, ಅದೂ ಗೊತ್ತು.

"ಮಾವ, ಮಣೆ ಎತ್ತಿದ್ರಾ? ಏನಾದ್ರೂ ಐತಾ?"

"ಏನಿಲ್ಲ. ಧೂಳು," ಎಂದೆ.

ತಿರುಗಿದರೆ ಬಾಗಿಲಲ್ಲಿ ಹೊನ್ನಮ್ಮ. ಮಣೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ನಿಧಾನವಾಗಿ ತಲೆಯ ಮೇಲೆ ಸೆರಗೆಳೆದುಕೊಂಡು, ಕದದ ಮರೆಗೆ ಸರಿದು, ಅಂಗಳಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ರೈಟ್ರೇ, ಅಳಿಯಂದ್ರಿಗೆ ಹೇಳಿ, ಬಸ್ಸಿಗೆ ಹೊತ್ತಾಯ್ತು ಅಂತ."

ಮಣೆಯನ್ನು ಒಲೆಯ ಪಕ್ಕ ಇದ್ದ ಹಾಗೆಯೇ ಒರಗಿಸಿಟ್ಟೆ. ಆ ಜೀವ ಬೇಗನೆ ಒಣಗಿ ಉದುರಿತು. ಕೆಲವು ವಾರಗಳಲ್ಲಿ ಮೊಟ್ಟೆಗಳೊಡೆದು ಮೈತುಂಬ ರೋಮವಿರುವ ಹುಳಗಳಾದವು. ನಾವು ಕೆಮ್ಮಿ ಒಳಗೆ ಹೋಗುವ ಪದ್ಧತಿಯಲ್ಲಿ ಅರ್ಥವಿದೆಯೆಂದು ಆಗ ತಿಳಿಯಿತು. ಗಂಡು ಸೀಸೆ ಸೇರುವ ಮೊದಲೇ, ಮುಚ್ಚಿದ ಬಾಗಿಲ ಹಿಂದೆ ಆಗಬೇಕಾದ್ದು ಆಗಿಯೇ ಇತ್ತು. ಮಕ್ಕಳಿಲ್ಲದ ಮನೆ ನಮ್ಮದು. ಅಕ್ಕರೆಯಿಂದ ಒಂದನ್ನು ಅಂಗೈಯ ಮೇಲೆ ಬಿಟ್ಟುಕೊಂಡೆ. ಕೈ ಮೊಣಕೈವರೆಗೆ ಬಾತು, ಮೈಯೆಲ್ಲ ತುರಿಸಿ, ಹಾಜರಿ ಬರೆಯಲಾಗದೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ಹುಳಗಳು ಕಿಟಕಿ ದಾಟಿ ಹಿತ್ತಲಿನ ಹಾಲವಾಣದ ಮರ ಹತ್ತಿ ಎಲೆ ತಿನ್ನತೊಡಗಿದವು. ತೋಟದ ನೆರಳು ಮರಕ್ಕೆ ಹುಳ ಬಿದ್ದರೆ ತಕ್ಷಣ ಯಜಮಾನರಿಗೆ ತಿಳಿಸಬೇಕಾದವನು ರೈಟರ್. ಮಳೆ ಬಂತೆಂದಷ್ಟೇ ತಿಳಿಸಿದೆ.

ಮೊನ್ನೆ ರಾಜಪ್ಪ ಬಂದಿದ್ದ, ಹೊನ್ನಮ್ಮನೂ ಬಂದಿದ್ದಳು. ಆ ಗಂಡು ಈಗ ಯಾವುದೋ ದೊಡ್ಡ ಊರಿನ ಗಾಜಿನ ಪೆಟ್ಟಿಗೆಯಲ್ಲಿ ಸೂಜಿಯ ಮೇಲೆ ಕೂತಿದೆಯಂತೆ. ಕೆಳಗೆ ಅಂಟಿಸಿರುವ ಚೀಟಿಯಲ್ಲಿ ತನ್ನ ಹೆಸರಿನ ಜೊತೆ ನನ್ನನ್ನೂ ಬಿಡದೆ ಸೇರಿಸಿರುವುದಾಗಿ ಹೇಳಿ, ಹೆಮ್ಮೆಯಿಂದ ಬಾಯಿಪಾಠ ಒಪ್ಪಿಸಿದ. ಜಾಗ, ಕೊಡಗು ರಾಜ್ಯ. ಗಂಡು, ತೋಟದ ರೈಟರ ಮನೆಯಲ್ಲಿ ಸಿಕ್ಕಿದ್ದು. ಹೆಣ್ಣು, ತಿಳಿದಿಲ್ಲ. ಆ ರಾಜ್ಯ ಈಗಿಲ್ಲ, ನಾವೆಲ್ಲ ಕೂತಲ್ಲೇ ಮೈಸೂರಿಗೆ ಸೇರಿದ್ದೇವೆ. ಉಳಿದದ್ದರಲ್ಲಿ ತಪ್ಪು ಹುಡುಕಲು ನನಗೆ ಸಿಕ್ಕಲಿಲ್ಲ. "ಸರಿಯಾಗೇ ಬರೆದಿದ್ದೀಯ," ಎಂದು ಅವನನ್ನು ಊಟಕ್ಕೆ ಕೂರಿಸಿದೆ, ನಾನೂ ಕೂತೆ. ಹೊನ್ನಮ್ಮ ತಲೆಗೆ ಸೆರಗೆಳೆದುಕೊಂಡು ಬಂದು ಅಕ್ಕರೆಯಿಂದ ನನ್ನ ಎಲೆಗೆ ಕಡುಬು ಬಡಿಸಿ ಒಳಗೆ ಹೋದಳು. ಎರಡು ತುತ್ತು ಉಂಡೆ. ಸಾರು ಮುಗಿದಿತ್ತು. ಯಾರೂ ಬರಲಿಲ್ಲ. ತಲೆಯೆತ್ತಿ ಅಡುಗೆಮನೆಯ ಆ ಮೂಲೆಯ ಕಡೆ ನೋಡಿದೆ. ಕನ್ನಡಿಯ ಚೂರು ಕತ್ತಲಲ್ಲಿ ಮಿನುಗುತ್ತಿತ್ತು. ಬಸ್ಸು ಎಂದಿನಂತೆ ತಡವಾಗಿ, ಆಗ ಮತ್ತೆ ಬಂತು. ರಾಜಪ್ಪ ನನ್ನ ಕಣ್ಣು ನೋಡಿ ಗಾಬರಿಯಿಂದ ಸಾರಿಗೆ ಖಾರ ಜಾಸ್ತಿಯಾಯಿತೇ ಮಾವ ಎಂದು ಕೇಳಿದ. ಹೌದೆಂದೆ.